ದಸರಾ ಕಕ್ಕೆಯ ಗುರುಮಲ್ಲಣ್ಣ

ಗುರುಮಲ್ಲಪ್ಪನವರು ನಮ್ಮ ಮನೆಗೆ ಬಂದರೆ ಬೆಲ್ ಒತ್ತುತ್ತಿರಲಿಲ್ಲ. ಗೇಟಿನ ಪಕ್ಕದ ಮರದ ಕೆಳಗೆ ನಿಂತು, ಕೈಗೆಟುಕುವ ಕೊಂಬೆಯನ್ನು ಬಾಗಿಸಿ, ಒಂದು ಎಲೆಯನ್ನು ಕಡ್ಡಿಸಮೇತ ಮುರಿದುಕೊಳ್ಳುತ್ತಿದ್ದರು. ಆಮೇಲೆ ಕಡ್ಡಿಯ ಎರಡೂ ಬದಿಗೆ ಜೊತೆಜೊತೆಯಾಗಿ ಕೂತ ಕಿರುಎಲೆಗಳನ್ನು ಬುಡದಿಂದ ತುದಿಯವರೆಗೆ ಎಣಿಸುತ್ತಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಎಣಿಕೆ ಮುಗಿದ ಮೇಲೆ ಆ ಕಡ್ಡಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಒಂದು ಸಲ ಮರವನ್ನು ಮೇಲಿಂದ ಕೆಳಗೆ ನೋಡಿ, “ಮೇಡಮ್ಮೋರೇ” ಎಂದು ಕೂಗುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಲೇ ಇರುತ್ತಿದ್ದೆ. ಅವರು ಕೂಗಿದ ಮೇಲೆ, ಆಗ ತಾನೇ ಗೊತ್ತಾದವಳಂತೆ ಹೋಗಿ ಬಾಗಿಲು ತೆಗೆಯುತ್ತಿದ್ದೆ.

ಅದೇ ಮರ, ಅದೇ ಎಲೆ, ತಿಂಗಳು ತಿಂಗಳೂ ಎಣಿಸಿದರೆ ಲೆಕ್ಕ ಬೇರೆ ಬರುತ್ತದೆಯೇ ಎಂದು ಒಮ್ಮೆ ಕೇಳಿದ್ದೆ. ಅವರಿಗೆ ಬೇಜಾರಾಗಲಿಲ್ಲ. “ಒಂದ್ಸಲನಾದ್ರೂ ಎಂಟಕ್ಕೆ ನಿಂತ್ಕಂಡ್ಬುಡ್ಲಿ ಅಂತ ಆಸೆ ಮೇಡಮ್ಮೋರೇ. ನಿಲ್ಲಲ್ಲ. ಗೊತ್ತು. ಆದ್ರೂ ಎಣಿಸ್ತೀನಿ,” ಎಂದಿದ್ದರು.

ಅವರು ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದವರು. ನಾವು ಓದುವಾಗ ಅವರಿಗೆ ಮೂವತ್ತೈದು ನಲವತ್ತಿರಬೇಕು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತೋಳು ಮಡಚಿದ ಬಿಳಿ ಅಂಗಿ, ಸೈಕಲ್ಲಿನ ಹ್ಯಾಂಡಲಿಗೆ ಒದ್ದೆ ಗೋಣಿಚೀಲ. ಆ ಚೀಲದಲ್ಲಿ ಅಂದಿನ ಪ್ರಾಕ್ಟಿಕಲ್‌ಗೆ ಬೇಕಾದ ಹೂವು, ಕಾಯಿ, ರೆಂಬೆ. ಬೆಳಗಿನ ಆರು ಗಂಟೆಗೇ ಅಶೋಕಪುರಂನ ತಮ್ಮ ಮನೆ ಬಿಟ್ಟು ಅರ್ಧ ಮೈಸೂರು ಸುತ್ತಿ ಬರುತ್ತಿದ್ದರು. ಯಾವ ರಸ್ತೆಯ ಯಾವ ಕಾಂಪೌಂಡಿನಲ್ಲಿ ಯಾವ ತಿಂಗಳು ಏನು ಅರಳುತ್ತದೆ ಎನ್ನುವುದು ಅವರ ತಲೆಯಲ್ಲಿತ್ತು. ನಮ್ಮ ಲೆಕ್ಚರರು ಹಿಂದಿನ ದಿನ ಸಂಜೆ “ನಾಳೆ ಇಂಥ ಕುಟುಂಬ” ಎಂದು ಹೇಳಿ ಮನೆಗೆ ಹೋಗಿಬಿಡುತ್ತಿದ್ದರು. ಬೆಳಿಗ್ಗೆ ಮೇಜಿನ ಮೇಲೆ ಒಬ್ಬೊಬ್ಬರ ಮುಂದೂ ಒಂದೊಂದು ಹೂವು ನೀರಿನ ಬಟ್ಟಲಿನಲ್ಲಿ ತೇಲುತ್ತಿರುತ್ತಿತ್ತು. ಪಾಠ ಮಾಡಿದವರು ಲೆಕ್ಚರರು, ಗಿಡ ತೋರಿಸಿದವರು ಗುರುಮಲ್ಲಣ್ಣ. ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಹಾಗೆಯೇ.

ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರುಗಳನ್ನು ಅವರು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಿದ್ದರು. ನಮಗೆ ಬಾಯಿಪಾಠ ಆಗದ್ದು ಅವರಿಗೆ ನೀರು ಕುಡಿದಂತೆ ಬರುತ್ತಿತ್ತು. ಪರೀಕ್ಷೆಯ ದಿನ ಉತ್ತರ ಹೊಳೆಯದೆ ಪಿಳಿಪಿಳಿ ನೋಡುತ್ತಿದ್ದ ಹುಡುಗಿಯರ ಮೇಜಿನ ಪಕ್ಕ ಬಟ್ಟಲು ಸರಿಮಾಡುವ ನೆಪದಲ್ಲಿ ಬಂದು, “ಎಸಳು ಎಷ್ಟದೆ ನೋಡವ್ವ, ಅಷ್ಟೇ ಸಾಕು,” ಎಂದು ಗಾಳಿಗೆ ಹೇಳಿದಂತೆ ಹೇಳಿ ಹೋಗುತ್ತಿದ್ದರು. ನಾನು ಪಾಸಾದದ್ದರಲ್ಲಿ ಅವರ ಪಾಲೂ ಇದೆ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಮಾತ್ರ ಹೇಳಿಲ್ಲ.

ಅವರದೊಂದು ಪದ್ಧತಿ ಇತ್ತು. ಕೊನೆಯ ವರ್ಷದ ಕೊನೆಯ ಪ್ರಾಕ್ಟಿಕಲ್ ಮುಗಿದು ನಾವೆಲ್ಲ ಕೈ ತೊಳೆಯುವಾಗ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಒಂದೊಂದು ಪೊಟ್ಟಣ ಕೊಡುತ್ತಿದ್ದರು. ಹಳೆಯ ಜರ್ನಲ್‌ಗಳ ಹಾಳೆ ಹರಿದು, ಭಸ್ಮದ ಪೊಟ್ಟಣದ ಹಾಗೆ ನಾಲ್ಕು ಮಡಿಕೆ ಮಡಚಿದ್ದು. ಒಳಗೆ ಹತ್ತು ಹನ್ನೆರಡು ಕಂದು ಬೀಜ. ಕಕ್ಕೆ ಬೀಜ ಎನ್ನುತ್ತಿದ್ದರು. ಬರೀ ಕಕ್ಕೆಯಲ್ಲ, ದಸರಾ ಕಕ್ಕೆ. ಊರ ಕಕ್ಕೆ ಬೇಸಿಗೆಯಲ್ಲಿ ಒಂದು ಸಲ ಹೂ ಬಿಟ್ಟು ಸುಮ್ಮನಾಗುತ್ತದೆ, ಇದು ದಸರಾ ಹೊತ್ತಿಗೆ ಸರಿಯಾಗಿ ಅರಳುವ ಉತ್ತಮ ಜಾತಿ, ಒಬ್ಬ ನರ್ಸರಿಯವನು ತನಗೆ ಕೊಟ್ಟದ್ದು ಎಂದು ಹೇಳುತ್ತಿದ್ದರು. ಬೀಜದ ಸಿಪ್ಪೆಯನ್ನು ಕಲ್ಲಿಗೆ ಉಜ್ಜಬೇಕು, ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಬೇಕು, ಆಮೇಲೆ ಎಲ್ಲಿ ಎಸೆದರೂ ಬರುತ್ತದೆ ಎಂದು ಕಲಿಸಿಕೊಡುತ್ತಿದ್ದರು. “ಎಲ್ಲಾದ್ರೂ ಒಂದು ಹಾಕ್ಬುಡಿ. ಹಳದಿ ಹೂ ಕಂಡಾಗ ಗುರುಮಲ್ಲನ್ನ ನೆನಿಸ್ಕಳಿ,” ಎನ್ನುತ್ತಿದ್ದರು.

ನಾವು ನೆನೆಸಿಕೊಂಡೆವು. ಅದೇ ತೊಂದರೆಯಾದದ್ದು.

ನನ್ನ ಪೊಟ್ಟಣ ಮೂರು ವರ್ಷ ಟ್ರಂಕಿನಲ್ಲಿ ಬಿದ್ದಿತ್ತು. ಮದುವೆಯಾಗಿ, ಹಿನಕಲ್ಲಿನಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿದಾಗ, ಹೊಸ ಮನೆಯ ಮುಂದೆ ಏನಾದರೂ ಇರಲಿ ಎಂದು ನೆನೆಸಿ ಹಾಕಿದೆ. ಹನ್ನೆರಡರಲ್ಲಿ ಒಂಬತ್ತು ಮೊಳೆತವು. ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಅಕ್ಕಪಕ್ಕದವರಿಗೆ ಹಂಚಿದೆ. ಹಿನಕಲ್ ಆಗಿನ್ನೂ ಹಳ್ಳಿಯ ಹಾಗೇ ಇತ್ತು. ನಾಲ್ಕನೇ ವರ್ಷಕ್ಕೆ ನಮ್ಮ ಬೀದಿ ದಸರಾದಲ್ಲಿ ಹಳದಿಯಾಯಿತು. ನಾನು ಸರಸ್ವತಿಪುರಂನ ಒಂದು ಟ್ಯುಟೋರಿಯಲ್ಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ವರ್ಷಾವರ್ಷವೂ ನಮ್ಮ ಮನೆಯ ರೆಂಬೆಯನ್ನೇ ಕೊಯ್ದು ತಂದು, “ಇದು ಕಕ್ಕೆ, ಬರೆದುಕೊಳ್ಳಿ,” ಎಂದು ಮಕ್ಕಳಿಗೆ ತೋರಿಸುತ್ತ ಬಂದೆ. ಇಪ್ಪತ್ತು ವರ್ಷ ತೋರಿಸಿದೆ. ಒಂದು ದಿನವೂ ಎಲೆ ಎಣಿಸಲಿಲ್ಲ.

ಅವರು ಮೊದಲ ಸಲ ನಮ್ಮ ಮನೆ ಹುಡುಕಿಕೊಂಡು ಬಂದದ್ದು ಆರು ವರ್ಷದ ಹಿಂದೆ. ರಿಟೈರಾಗಿ ಬಹಳ ಕಾಲವಾಗಿತ್ತು. ಕೂದಲೆಲ್ಲ ಹೋಗಿ ವಿಭೂತಿ ಬೋಳುತಲೆಯವರೆಗೂ ಹರಡಿತ್ತು. ಕೈಯಲ್ಲಿ ಎರಡು ತುಂಡಿನ ಒಂದು ದೋಟಿ. ಸಿಟಿ ಬಸ್ಸಿನಲ್ಲಿ ಉದ್ದನೆಯ ಬಿದಿರು ಹತ್ತಿಸಲು ಕಂಡಕ್ಟರ್ ಬಿಡುವುದಿಲ್ಲವೆಂದು ಅದನ್ನು ನಡುವೆ ಕೊಯ್ದು, ತಗಡಿನ ಕೊಳವೆ ಹಾಕಿ ಜೋಡಿಸುವ ಹಾಗೆ ಮಾಡಿಕೊಂಡಿದ್ದರು. ತುದಿಗೆ ಕುಡುಗೋಲಿನ ಕೊಕ್ಕೆ. ಕಾಫಿ ಕುಡಿಯದೆ, ಕೂರದೆ, ಅಂಗಳದಲ್ಲೇ ನಿಂತು ನನಗೆ ಪಾಠ ಮಾಡಿದರು. ಹಿಂದೆಲ್ಲ ನನ್ನನ್ನು ಅವ್ವ ಎನ್ನುತ್ತಿದ್ದವರು ಅಂದು ಮೇಡಮ್ಮೋರೇ ಎಂದರು. ಆ ಕರೆಯಿಂದಲೇ ನನಗೆ ಕಸಿವಿಸಿಯಾಯಿತು.

ಆದದ್ದು ಇಷ್ಟು. ಕಾಡಿನ ಗಿಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗಿ ಕಾಲೇಜಿನ ಹಳೆಯ ಒಣಗಿಸಿದ ಮಾದರಿಗಳನ್ನು ನೋಡಬೇಕೆಂದು ಬಂದಿದ್ದಳು. ಬೀರುವಿನ ಯಾವ ಅರೆಯಲ್ಲಿ ಏನಿದೆ ಎನ್ನುವುದು ಬೇರೆ ಯಾರಿಗೂ ಗೊತ್ತಿರದ್ದರಿಂದ ಇವರನ್ನು ಮನೆಯಿಂದ ಕರೆಸಿದ್ದರು. ಇವರೇ ಒತ್ತಿ, ಅಂಟಿಸಿ, ಇವರದೇ ಗುಂಡು ಅಕ್ಷರದಲ್ಲಿ ಕಕ್ಕೆ ಎಂದು ಬರೆದಿಟ್ಟ ಹಾಳೆಯನ್ನು ಆ ಹುಡುಗಿ ಬಹಳ ಹೊತ್ತು ನೋಡಿದಳಂತೆ. ಆಮೇಲೆ ಬಹಳ ಮರ್ಯಾದೆಯಿಂದ, ಇದು ಕಕ್ಕೆಯಲ್ಲ ಸರ್, ಸೆನ್ನಾ ಸ್ಪೆಕ್ಟಾಬಿಲಿಸ್, ಅಮೆರಿಕದ ಕಡೆಯಿಂದ ಅಲಂಕಾರಕ್ಕೆ ತಂದ ಮರ, ಈಗ ನಮ್ಮ ಕಾಡಿನೊಳಗೆ ನುಗ್ಗಿದೆ ಎಂದಳಂತೆ. ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ, ಜಿಂಕೆ ಮೂಸುವುದಿಲ್ಲ, ಆನೆ ಮುಟ್ಟುವುದಿಲ್ಲ ಎಂದು ತನ್ನ ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸಿದಳಂತೆ. ಒಂದು ಇಡೀ ಇಳಿಜಾರು ಹಳದಿ. “ಎಷ್ಟು ಚೆಂದ ಇತ್ತು ಗೊತ್ತಾ ಮೇಡಮ್ಮೋರೇ ಆ ಫೋಟೋ. ಹೊಟ್ಟೆ ಉರೀತು,” ಎಂದರು.

ಅಂದು ಅವರು ಕಲಿಸಿದ್ದನ್ನು ಈಗ ನಾನು ತರಗತಿಯಲ್ಲಿ ಅದೇ ಕ್ರಮದಲ್ಲಿ ಹೇಳುತ್ತೇನೆ. ಕಕ್ಕೆಯ ಹೂಗೊಂಚಲು ಜೋಲುಬೀಳುತ್ತದೆ, ಇದರದು ಕೊಂಬೆಯ ತುದಿಯಲ್ಲಿ ಮೇಲಕ್ಕೆ ನಿಲ್ಲುತ್ತದೆ. ಕಕ್ಕೆಯ ಕಾಯಿ ಹೆಬ್ಬೆರಳು ದಪ್ಪ, ಮೊಳದುದ್ದ, ಒಳಗೆ ಅಂಟಂಟು ಕಪ್ಪು ತಿರುಳು. ಇದರದು ಸಣ್ಣ, ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚು. ಹೂವೂ ಕಾಯಿಯೂ ಇಲ್ಲದ ಕಾಲದಲ್ಲಿ ಎಲೆಯೇ ಗತಿ. ಕಕ್ಕೆಯ ಎಲೆ ಅಗಲ, ನಾಲ್ಕೋ ಆರೋ ಜೊತೆ, ಎಂಟು ದಾಟುವುದಿಲ್ಲ. ಇದರದು ಕಿರಿದು, ಚೂಪು, ಹತ್ತು, ಹನ್ನೆರಡು, ಹದಿನೈದರವರೆಗೂ ಹೋಗುತ್ತದೆ. “ಹೂ ನೋಡ್ಬ್ಯಾಡಿ, ಎಲೆ ಎಣ್ಸಿ. ನಾನು ಮೂವತ್ತು ವರ್ಷ ಹೂ ನೋಡ್ದೆ. ಅದ್ಕೇ ಇಂಗಾಯ್ತು,” ಎಂದು ಹೇಳಿ, ನಮ್ಮ ಮರದ ಒಂದು ಎಲೆ ಕಿತ್ತು ನನ್ನ ಕೈಗೆ ಕೊಟ್ಟರು. ಎಣಿಸಿದೆ. ಹನ್ನೊಂದು ಜೊತೆ. ಎಂ.ಎಸ್ಸಿ. ಓದಿದವಳು, ಇಪ್ಪತ್ತು ವರ್ಷ ಪಾಠ ಮಾಡಿದವಳು, ಮನೆ ಮುಂದಿನ ಮರ ಯಾವುದೆಂದು ಗೊತ್ತಿಲ್ಲದೆ ಅದರ ನೆರಳಿನಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇನ್ನು ಇದೊಂದು ಕೆಲಸ ಅಂಟಿಕೊಂಡಿತಲ್ಲ ಎಂದು ಸುಸ್ತಾಯಿತು.

ಹೌದು, ಸುಸ್ತು. ಬೆಳಿಗ್ಗೆ ಏಳಕ್ಕೆ ಒಂದು ಬ್ಯಾಚು, ಹತ್ತಕ್ಕೊಂದು, ಸಂಜೆ ಎರಡು. ನಡುವೆ ಹಿನಕಲ್ಲಿಗೂ ಸರಸ್ವತಿಪುರಂಗೂ ಓಡಾಟ. ಮರ ಕಡಿಸಲು ಅರ್ಜಿ ಕೊಡಬೇಕು, ಯಾರೋ ಬಂದು ನೋಡಬೇಕು, ಆಳು ಸಿಗಬೇಕು. ಮಾಡಿಸೋಣ ಅಂದೆ. ಮುಂದಿನ ತಿಂಗಳು ಅಂದೆ. ಪರೀಕ್ಷೆ ಮುಗಿಯಲಿ ಅಂದೆ. ಅವರು ಒಂದು ಸಲವೂ ಒತ್ತಾಯ ಮಾಡಲಿಲ್ಲ. ನೀವು ಕಡಿಸೋವರೆಗೂ ಕಾಯಿ ಬಲಿಯದ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದು ತಿಂಗಳಿಗೊಮ್ಮೆ ಬರತೊಡಗಿದರು. ದೋಟಿ ಜೋಡಿಸಿ, ಎಳೆಗಾಯಿ ಎಳೆದು ಗೋಣಿಗೆ ತುಂಬಿ, ದಾರಿಯಲ್ಲಿ ಯಾವುದೋ ಖಾಲಿ ಸೈಟಿನಲ್ಲಿ ಸುಟ್ಟು ಹೋಗುತ್ತಿದ್ದರು.

ಇಂಥ ಮನೆ ನನ್ನದೊಂದೇ ಅಲ್ಲ. ವರ್ಷಕ್ಕೆ ನಲವತ್ತು ಜನ ಹೊರಬೀಳುತ್ತಿದ್ದೆವು. ಎಷ್ಟು ವರ್ಷ ಹಂಚಿದಿರಿ ಎಂದು ಕೇಳಿದ್ದಕ್ಕೆ, ಇಪ್ಪತ್ತಾರು ಎಂದರು. ನಾನು ಮನಸ್ಸಿನಲ್ಲೇ ಗುಣಿಸಲು ಹೊರಟಿದ್ದು ಅವರಿಗೆ ಮುಖದಲ್ಲೇ ಕಂಡಿರಬೇಕು. ಬೇಡ ಎನ್ನುವಂತೆ ಕೈ ಅಡ್ಡ ಹಿಡಿದರು. ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರಿಂದ ಇನ್ನೊಬ್ಬರ ವಿಳಾಸ ತಿಳಿದುಕೊಂಡು ಅವರು ಒಂದೊಂದೇ ಮನೆಗೆ ಹೋಗುತ್ತಿದ್ದರು.

ನನ್ನನ್ನು ಬಿಟ್ಟರೆ ಬೇರೆಯವರಿಗೆ ನಿಜ ಹೇಳಲು ಮೊದಮೊದಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಸರಸ್ವತಿಪುರಂನಲ್ಲಿ ನನ್ನ ಜೊತೆ ಓದಿದ ವತ್ಸಲಾಳ ಮನೆ ಇದೆ. ಅವಳ ಮನೆ ಮುಂದೆಯೂ ಇದೇ ಮರ, ನನ್ನದಕ್ಕಿಂತ ದೊಡ್ಡದು. ನವರಾತ್ರಿಯ ಬೊಂಬೆಗಳ ಮುಂದೆ ಆ ಹೂವನ್ನೇ ರಾಶಿ ಹಾಕುತ್ತಿದ್ದಳು. ಇವರು ಹೋಗಿ, ನಿಮ್ಮ ಮರಕ್ಕೆ ರೋಗ ಬಂದದೆ, ತೆಗೆಸಿಬಿಡಿ ಎಂದು ಹೇಳಿ ಬಂದರು. ವತ್ಸಲಾ ಗಾಬರಿಯಾದಳು. ಗಾಬರಿಯಾದವಳು ಬುಡಕ್ಕೆ ಗೊಬ್ಬರ ಹಾಕಿಸಿದಳು, ಬೇವಿನೆಣ್ಣೆ ಹೊಡೆಸಿದಳು, ದಿನಾ ಎರಡು ಬಕೆಟ್ ನೀರು ಹಾಕಿದಳು. ಮುಂದಿನ ದಸರಾಕ್ಕೆ ಆ ಮರ ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತು. ಗುರುಮಲ್ಲಣ್ಣನಿಗೆ ಫೋನ್ ಮಾಡಿ, ನಿಮ್ಮಿಂದ ನನ್ನ ಮರ ಉಳಿಯಿತು ಎಂದು ಥ್ಯಾಂಕ್ಸ್ ಬೇರೆ ಹೇಳಿದಳು. ಇದನ್ನು ಹೇಳುವಾಗ ಅವರಿಗೂ ನಗು ಬಂತು. ನಗುತ್ತ ನಗುತ್ತ ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟರು. ಅವರು ನಗುವುದನ್ನು ನಾನು ಕಂಡದ್ದು ಆ ಆರು ವರ್ಷದಲ್ಲಿ ಅದೊಂದೇ ಸಲ.

ಆಮೇಲೆ ಅವರು ಸುಳ್ಳು ಬಿಟ್ಟರು. ಹೋದ ಮನೆಯಲ್ಲೆಲ್ಲ, ನಾನು ಕೊಟ್ಟ ಬೀಜ ತಪ್ಪು, ನಾನು ಹೇಳಿದ ಹೆಸರು ತಪ್ಪು ಎಂದೇ ಶುರುಮಾಡುತ್ತಿದ್ದರು. ಜನ ಅದನ್ನೂ ಹಗುರವಾಗಿ ತೆಗೆದುಕೊಂಡರು. ಹೆಸರು ಯಾವುದಾದರೇನು, ಹಳದಿ ಹೂವು ತಾನೇ ಎಂದರು. ಕಾಫಿ ಕೊಟ್ಟು ಕಳಿಸಿದರು. ಕೆಲವರು ಕಡಿಸಿದರು. ಹೆಚ್ಚಿನವರು ನನ್ನ ಹಾಗೆ, ನೋಡೋಣ ಅಂದರು. ಬೈದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ. ಯಾರೂ ಬೈಯಲಿಲ್ಲ.

ತರಗತಿಯಲ್ಲಿ ಈ ಮರದ ವಿಷಯ ಹೇಳುವಾಗ ತಮ್ಮ ಹೆಸರು ಸೇರಿಸಿಯೇ ಹೇಳಬೇಕೆಂದು ನನಗೆ ಅಪ್ಪಣೆ ಮಾಡಿದ್ದರು. ತಪ್ಪು ಮಾಡಿದವನ ಹೆಸರಿದ್ದರೆ ಮಕ್ಕಳು ಮರೆಯುವುದಿಲ್ಲ ಎನ್ನುವುದು ಅವರ ವಾದ. ಒಂದು ಕಡೆ ಮಾತ್ರ ಅವರು ಬಾಯಿ ಬಿಟ್ಟಿರಲಿಲ್ಲ. ಅಶೋಕಪುರಂನ ಮನೆಯಲ್ಲಿ ಅವರ ಜೊತೆಗಿದ್ದ ಮಗಳು ನಾಗರತ್ನ, ಅಪ್ಪ ಊರೂರು ಸುತ್ತಿ ಕಕ್ಕೆಕಾಯಿ ತಂದು ನಾಟಿ ಔಷಧಿಯವರಿಗೆ ಕೊಡುತ್ತಾರೆ ಎಂದೇ ತಿಳಿದಿದ್ದಳು. “ಅವ್ಳು ಸಣ್ಣೋಳಿದ್ದಾಗ್ಲಿಂದ ನನ್ ಜೊತೆ ಕೂತು ಪೊಟ್ಟಣ ಮಡಚ್ದೋಳು ಮೇಡಮ್ಮೋರೇ. ನಿಮ್ಗೆಲ್ಲ ಹೇಳ್ದಂಗೆ ಅವ್ಳಿಗೆ ಎಂಗೆ ಹೇಳ್ಳಿ? ಹೇಳ್ಬೇಕು. ಯಾವತ್ತಾದ್ರೂ ಹೇಳ್ತೀನಿ.” ಇಷ್ಟು ಹೇಳಿ ದೋಟಿ ಬಿಚ್ಚಿ ಎರಡು ತುಂಡು ಮಾಡಿಕೊಂಡು ಬಸ್ ಸ್ಟಾಪಿನ ಕಡೆ ಹೊರಟರು.

ಹೋದ ವರ್ಷದ ಮಳೆಗಾಲದಲ್ಲಿ ನಾನು ಒಂದು ಘನಕಾರ್ಯ ಮಾಡಿದೆ. ತಂತಿಗೆ ಕೊಂಬೆ ತಾಗುತ್ತದೆಂದು ಕರೆಂಟಿನವರು ಸವರಲು ಬಂದಿದ್ದರು. ಪೂರ್ತಿ ಕಡಿದುಬಿಡಿ ಎಂದು ನಾನೇ ಗೋಗರೆದೆ. ಸೊಂಟದೆತ್ತರದ ಮೋಟು ಬಿಟ್ಟು ಕಡಿದು ಹೋದರು. ಬೆಳಕು ದಡಾರನೆ ಮನೆಯೊಳಗೆ ಬಂತು. ಗುರುಮಲ್ಲಣ್ಣ ನೋಡಿದರೆ ಎಷ್ಟು ಸಂತೋಷಪಡುತ್ತಾರೋ ಎಂದು ಅವರ ದಾರಿ ಕಾದೆ. ಜ್ವರ ಬಂದು ಅವರು ಆ ತಿಂಗಳು ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ಬರುವ ಹೊತ್ತಿಗೆ ಮೋಟಿನ ಸುತ್ತ ಇಪ್ಪತ್ತು ಮೂವತ್ತು ಚಿಗುರು ಎದ್ದು ಆಳೆತ್ತರ ನಿಂತಿದ್ದವು. ಒಂದು ಮರವಿದ್ದ ಕಡೆ ಒಂದು ಪೊದೆ.

ಅವರು ಎಂದಿನಂತೆ ಒಂದು ಎಲೆ ಮುರಿದು ಎಣಿಸಿದರು. ಆಮೇಲೆ ನನ್ನನ್ನು ನೋಡದೆ, ಇದನ್ನು ಕಡಿದರೆ ಸಾಯುವುದಿಲ್ಲ, ಕಡಿದಷ್ಟೂ ಹೆಚ್ಚುತ್ತದೆ ಎಂದರು. ಮರ ನಿಂತಿರುವಾಗಲೇ ಎದೆಯೆತ್ತರದಿಂದ ಬೇರಿನವರೆಗೆ ಸುತ್ತಲೂ ತೊಗಟೆ ಸುಲಿದು ಬಿಡಬೇಕು, ಚಿಗುರು ಬಂದಹಾಗೆ ಮುರಿಯುತ್ತಿರಬೇಕು, ನಿಧಾನಕ್ಕೆ ನಿಂತಲ್ಲೇ ಒಣಗುತ್ತದೆ. ಕಡಿಸುವ ಮುಂಚೆ ನೀವು ಕೇಳಬಹುದಿತ್ತು ಎಂದು ಅವರು ಹೇಳಲಿಲ್ಲ. ನೀವು ಮುಂಚೆಯೇ ಹೇಳಬಹುದಿತ್ತು ಎಂದು ನಾನು ಹೇಳಿದೆ. ಹೇಳಿದ ಮೇಲೆ ಪಶ್ಚಾತ್ತಾಪವಾಯಿತು, ಆದರೆ ಮಾತು ಹೊರಗೆ ಬಿದ್ದಾಗಿತ್ತು. “ನಂದೇ ತಪ್ಪು,” ಎಂದರು. ಎಲ್ಲದಕ್ಕೂ ಅದನ್ನೇ ಹೇಳುವ ಅಭ್ಯಾಸ ಅವರಿಗಾಗಿಬಿಟ್ಟಿತ್ತು.

ಅದಾದ ಮೇಲೆ ಒಂದು ವರ್ಷ ಅವರೂ ನಾನೂ ಚಿಗುರು ಮುರಿಯುತ್ತ ಕಳೆದೆವು. ಮುರಿದಷ್ಟೂ ಬಂದವು. ಈ ವರ್ಷ ದಸರಾಕ್ಕೆ ಇನ್ನೂ ಹತ್ತು ದಿನವಿದೆ ಎನ್ನುವಾಗ ಒಂದು ಗುರುವಾರ ಮಧ್ಯಾಹ್ನ ಬಂದರು. ದೋಟಿ ಇರಲಿಲ್ಲ. ಚೀಲದಲ್ಲಿ ಗೋಣಿಬಟ್ಟೆ ಸುತ್ತಿದ ಒಂದು ಚಿಕ್ಕ ಮಚ್ಚು ಇತ್ತು. ಇಂದು ತೊಗಟೆ ಸುಲಿದೇಬಿಡೋಣ ಎಂದರು. ಮೋಟಿನ ಮುಂದೆ ಮಂಡಿಯೂರಿ ಕೂತು ಎರಡು ಏಟು ಹಾಕಿದರು. ತೊಗಟೆ ಗೀರಿತೇ ಹೊರತು ಬಿಡಲಿಲ್ಲ. ಮಚ್ಚನ್ನು ಹಿಡಿಕೆ ಮುಂದು ಮಾಡಿ ನನ್ನ ಕಡೆ ಚಾಚಿದರು.

“ನೀವೇ ಮಾಡ್ಬುಡಿ ಮೇಡಮ್ಮೋರೇ. ನಾನು ಹೇಳ್ಕೊಡ್ತೀನಿ. ಒಂದ್ಗಂಟೆ ಕೆಲಸ.”

ನಾನು ಬೆಳಿಗ್ಗೆ ಎರಡು ಬ್ಯಾಚ್ ಮುಗಿಸಿ ಆಗ ತಾನೇ ಮನೆಗೆ ಬಂದಿದ್ದೆ. ದಸರಾ ದೀಪ ಕಟ್ಟಲು ಶುರುಮಾಡಿದ್ದರು, ರಸ್ತೆಯೆಲ್ಲ ಗಾಡಿ ತುಂಬಿ ಒಂದು ಗಂಟೆ ಬಿಸಿಲಿನಲ್ಲಿ ನಿಂತು ಬಂದಿದ್ದೆ. ಸಂಜೆ ಮತ್ತೆ ಹೋಗಬೇಕಿತ್ತು. ಇವತ್ತು ಸುಸ್ತಾಗಿದೆ, ಭಾನುವಾರ ಮಾಡೋಣ ಎಂದೆ. ಅವರು ತಕ್ಷಣ ಮಚ್ಚು ಕೆಳಗಿಟ್ಟು, “ಆಗ್ಲಿ, ಆಗ್ಲಿ, ರೆಸ್ಟ್ ತಗಳಿ,” ಎಂದರು. ಮಚ್ಚು ಇಲ್ಲೇ ಇರಲಿ, ಭಾನುವಾರ ಬೆಳಿಗ್ಗೆಯೇ ಬರುತ್ತೇನೆ ಎಂದು ಎದ್ದರು. ಏಳಲು ನಾನು ಕೈ ಕೊಡಬೇಕಾಯಿತು. ಗೇಟು ದಾಟಿ, ನೆರಳಿಲ್ಲದ ರಸ್ತೆಯಲ್ಲಿ ನಿಧಾನವಾಗಿ ಬಸ್ ಸ್ಟಾಪಿಗೆ ಹೋದರು. ನಾನು ಒಳಗೆ ಬಂದು ಫ್ಯಾನ್ ಹಾಕಿಕೊಂಡು ಮಲಗಿದೆ.

ಭಾನುವಾರ ಅವರು ಬರಲಿಲ್ಲ. ಒಳಗೊಳಗೆ ನನಗೆ ನಿರಾಳವೇ ಆಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ. ಮುಂದಿನ ಭಾನುವಾರವೂ ಬರದಿದ್ದಾಗ ಫೋನ್ ಮಾಡಿದೆ. ನಾಗರತ್ನ ತೆಗೆದುಕೊಂಡಳು. ಅಪ್ಪ ಹೋಗಿ ಎಂಟು ದಿನವಾಯಿತು ಮೇಡಂ ಎಂದಳು. ಆ ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಬುಧವಾರ ಶಿವಗಣಾರಾಧನೆ, ಪ್ರಸಾದಕ್ಕೆ ಬನ್ನಿ, ನಿಮ್ಮ ಹೆಸರನ್ನು ಬಹಳ ಹೇಳುತ್ತಿದ್ದರು ಎಂದಳು.

ಫೋನಿಟ್ಟು ಗೇಟಿನ ಹತ್ತಿರ ಹೋದೆ. ಗೋಣಿಬಟ್ಟೆ ಬಿಚ್ಚಿ ಮಚ್ಚು ತೆಗೆದೆ. ಅವರು ಗೀರಿದ ಎರಡು ಗೆರೆ ಮೋಟಿನ ಮೇಲೆ ಕಪ್ಪಗಾಗಿದ್ದವು. ಅಲ್ಲಿಂದಲೇ ಶುರುಮಾಡಿದೆ. ಒಂದು ಗಂಟೆಯ ಕೆಲಸ ಅವರಿಗೆ, ನನಗೆ ಆ ಸಂಜೆಯೂ ಮಾರನೆಯ ಸಂಜೆಯೂ ಹಿಡಿಯಿತು. ಸಂಜೆ ಬ್ಯಾಚಿಗೆ ರಜ ಹಾಕಿದೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಬೇರು ಕಾಣುವವರೆಗೂ ಮಣ್ಣು ಬಗೆದು ಸುಲಿದೆ. ಒಳಗಿನ ಮರ ಬಿಳಿ, ಒದ್ದೆ. ತಪ್ಪು ಮರವಾದರೂ ನಾನೇ ನೆಟ್ಟು ನೀರು ಹಾಕಿದ್ದು. ಅಳು ಬಂತು, ಮರಕ್ಕಲ್ಲ.

ಬುಧವಾರ ಪ್ರಸಾದದ ಹೊತ್ತಿಗಿಂತ ಮುಂಚೆಯೇ ಅಶೋಕಪುರಂಗೆ ಹೋದೆ. ಸಣ್ಣ ಹಳೆಯ ಹೆಂಚಿನ ಮನೆ. ಹಿತ್ತಲಲ್ಲಿ ಅಡುಗೆ ನಡೆಯುತ್ತಿತ್ತು, ನೆಂಟರು ಇನ್ನೂ ಬರಬೇಕಿತ್ತು. ನಡುಮನೆಯಲ್ಲಿ ಅವರ ಫೋಟೋ. ಫೋಟೋದ ಎರಡೂ ಕಡೆ ಹಿತ್ತಾಳೆ ಚೊಂಬಿನಲ್ಲಿ ರೆಂಬೆಸಮೇತ ಹಳದಿ ಹೂವು. ತಲೆ ಎತ್ತಿ ನಿಂತ ಗೊಂಚಲು. ಅಪ್ಪನಿಗೆ ಪ್ರೀತಿಯ ಹೂವು, ಬೆಟ್ಟದ ಕಡೆಯಿಂದ ತರಿಸಿದೆ ಎಂದಳು ನಾಗರತ್ನ. ಅವಳಿಗೂ ಐವತ್ತರ ಹತ್ತಿರ. ಅಪ್ಪನದೇ ಕಣ್ಣು.

ಚಾಪೆಯ ಮೇಲೆ ಅವಳ ಮುಂದೆ ಒಂದು ದೊಡ್ಡ ಬಿದಿರು ತಟ್ಟೆಯಿತ್ತು. ತಟ್ಟೆ ತುಂಬ ಪೊಟ್ಟಣ. ಹಳೆಯ ನೋಟ್‌ಬುಕ್ಕಿನ ಹಾಳೆ, ನಾಲ್ಕು ಮಡಿಕೆ. ಪಕ್ಕದಲ್ಲಿ ಅವರ ಗೋಣಿಚೀಲ. ಬಾಯಿ ಬಿಚ್ಚಿತ್ತು. ಅವರು ಕೊನೆಗೆ ತಂದು, ಮಳೆ ನಿಂತ ಮೇಲೆ ಸುಡಬೇಕೆಂದು ಇಟ್ಟುಕೊಂಡಿದ್ದ ಕಾಯಿಗಳವು. ಯಾರ ಮನೆಯಲ್ಲೋ ಎಳೆಯದರಲ್ಲಿ ಕೀಳಲಾಗದೆ ಬಲಿತುಹೋದವು ಇರಬೇಕು. ಅವಳು ಒಂದೊಂದನ್ನೇ ಒಡೆದು ಬೀಜ ಬಿಡಿಸಿದ್ದಳು.

“ಬಂದೋರಿಗೆಲ್ಲ ಒಂದೊಂದು ಕೊಟ್ಬುಡೋಣ ಅಂತ. ಅಪ್ಪ ಮಾಡ್ತಿದ್ರಲ್ಲ, ಅಂಗೇ. ಮುನ್ನೂರು ಜನ ಬರ್ತಾರೆ,” ಎಂದಳು. ಹೇಳುವಾಗ ಅವಳ ಮುಖದಲ್ಲಿ ಹನ್ನೊಂದು ದಿನದಲ್ಲಿ ಮೊದಲ ಸಲ ಬಂದಿರಬಹುದಾದ ಒಂದು ಸಮಾಧಾನವಿತ್ತು.

ನಾನು ಫೋಟೋ ನೋಡಿದೆ. ಯಾವತ್ತಾದರೂ ಹೇಳುತ್ತೇನೆ ಎಂದಿದ್ದರು. ಇದನ್ನು ನನ್ನ ತಲೆಗೆ ಕಟ್ಟಿ ಹೋದರಲ್ಲ ಎಂದು ಒಂದು ಕ್ಷಣ ಅವರ ಮೇಲೆ ಸಿಟ್ಟೇ ಬಂತು. ಇವತ್ತು ಸುಮ್ಮನಿದ್ದು, ಆಮೇಲೆ ಇನ್ನೊಂದು ದಿನ ನಿಧಾನವಾಗಿ ಹೇಳಿದರಾಯಿತು ಎಂದೂ ಅನ್ನಿಸಿತು. ಭಾನುವಾರ ಮಾಡೋಣ ಎಂದು ಅನ್ನಿಸಿದ ಹಾಗೆಯೇ ಅನ್ನಿಸಿತು.

ಚೊಂಬಿನಲ್ಲಿದ್ದ ರೆಂಬೆಯಿಂದ ಒಂದು ಎಲೆಯನ್ನು ಕಡ್ಡಿಸಮೇತ ಮುರಿದೆ. ಅವಳ ಪಕ್ಕ ಚಾಪೆಯ ಮೇಲೆ ಕೂತು ಅದನ್ನು ಅವಳ ಕೈಯಲ್ಲಿಟ್ಟೆ. ಕಕ್ಕೆಯ ಎಲೆ ಎಂಟು ಜೊತೆ ದಾಟುವುದಿಲ್ಲವಮ್ಮ, ಇದನ್ನು ಎಣಿಸಿ ನೋಡಿ, ನಿಮ್ಮಪ್ಪ ಆರು ವರ್ಷದಿಂದ ನಮ್ಮ ಮನೆ ಗೇಟಿನಲ್ಲಿ ನಿಂತು ಇದನ್ನೇ ಮಾಡುತ್ತಿದ್ದರು ಎಂದೆ.

ಅವಳು ನನ್ನ ಮುಖ ನೋಡಿದಳು, ನನ್ನ ಅಂಗೈಯ ಗಾಯ ನೋಡಿದಳು. ಆಮೇಲೆ ಬುಡದಿಂದ ಎಣಿಸತೊಡಗಿದಳು. ಅಪ್ಪನ ಹಾಗೆ ತುಟಿಯಲ್ಲಲ್ಲ, ಗಟ್ಟಿಯಾಗಿ. ಐದು, ಆರು, ಏಳು. ಎಂಟಕ್ಕೆ ನಿಂತುಬಿಡಲಿ ಎಂದು ನಾನು ಆಸೆಪಟ್ಟೆ. ಗೊತ್ತಿದ್ದೂ ಗೊತ್ತಿದ್ದೂ ಆಸೆಪಟ್ಟೆ. ಅವರು ಪ್ರತಿ ತಿಂಗಳು ಯಾಕೆ ಎಣಿಸುತ್ತಿದ್ದರು ಎನ್ನುವುದು ಆಗ ನನಗೆ ಪೂರ್ತಿ ತಿಳಿಯಿತು. ಒಂಬತ್ತು ಎಂದಳು. ಹತ್ತು ಎಂದಳು. ಹದಿಮೂರಕ್ಕೆ ಕಡ್ಡಿಯ ತುದಿ ಬಂತು.

ನಾನು ಎಲ್ಲ ಹೇಳಿದೆ. ಹುಡುಗಿ, ಹಾಳೆ, ಕಾಡು, ದೋಟಿ, ಸುಟ್ಟ ಗೋಣಿಗಳು. ಮುಗಿದ ಮೇಲೆ ಅವಳು ಕೈಯಲ್ಲಿದ್ದ ಎಲೆಯನ್ನು ಚಾಪೆಯ ಮೇಲಿಟ್ಟಳು. “ನಂಗೊಂದ್ಮಾತು ಹೇಳಿದ್ರೆ ನಾನೂ ಬರ್ತಿದ್ದೆ. ಗೋಣಿ ನಾನು ಹೊರ್ತಿದ್ದೆ,” ಎಂದಳು. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಪೊಟ್ಟಣದ ಮಡಿಕೆ ಬಿಚ್ಚಿ ಬೀಜವನ್ನು ಗೋಣಿಗೆ ಸುರಿದಳು. ಒಂದು ಬೀಜ ಚಾಪೆಯ ಮೇಲೆ ಉರುಳಿತು, ಅದನ್ನು ಹುಡುಕಿ ತೆಗೆದಳು. ಹಿತ್ತಲಿನಲ್ಲಿ ಅಡುಗೆಗೆ ಹಚ್ಚಿದ ದೊಡ್ಡ ಒಲೆ ಉರಿಯುತ್ತಿತ್ತು.

ನೆಂಟರು ಬರಲು ಇನ್ನು ಒಂದು ಗಂಟೆಯಿತ್ತು. ಪೊಟ್ಟಣ ಇನ್ನೂರ ಚಿಲ್ಲರೆ ಇದ್ದವು. ಅವಳು ನನ್ನ ಕೈ ನೋಡಿ, ನೀವು ಬಿಡಿ ಮೇಡಂ, ಸುಸ್ತಾಗಿದ್ದೀರ, ನಾನೇ ಮಾಡ್ಕೊತೀನಿ ಎಂದಳು.

ಇಲ್ಲ ಎಂದೆ. ತಟ್ಟೆಯಲ್ಲಿದ್ದ ಪೊಟ್ಟಣಗಳಲ್ಲಿ ಅರ್ಧವನ್ನು ನನ್ನ ಮಡಿಲಿಗೆ ಎಳೆದುಕೊಂಡೆ.